ಅಜ್ಜಿಯ ಹೆಜ್ಜೆ, ಅಜ್ರಕ್ ಬಟ್ಟೆ

ದೇಶ ವಿಭಜನೆಯ ಬಗ್ಗೆ ಬಟ್ಟೆಯ ಮೇಲೆ ಒಂದು ಕಲಾಕೃತಿ ಮಾಡ್ತಿದ್ದೀನಿ ಅಂದರೆ ಸಾಕು, ಅದರಲ್ಲಿ ಮುಳ್ಳುತಂತಿ ಇದೆಯಾ, ರೈಲು ಇದೆಯಾ ಅಂತ ಜನ ಕೇಳುತ್ತಾರೆ. ಎರಡನ್ನೂ ನಾನು ಬಳಸಿಲ್ಲ. 1947ರಲ್ಲಿ ಪಂಜಾಬನ್ನೂ ಬಂಗಾಳವನ್ನೂ ಎರಡು ಭಾಗ ಮಾಡಿದರು. ಸಿಂಧ್ ಭಾಗವಾಗಲಿಲ್ಲ, ಇಡೀ ಪ್ರಾಂತ್ಯವೇ ಪಾಕಿಸ್ತಾನಕ್ಕೆ ಹೋಯಿತು. ಅಲ್ಲಿಂದ ಹತ್ತು ಲಕ್ಷಕ್ಕೂ ಹೆಚ್ಚು ಹಿಂದೂಗಳು ಈ ಕಡೆ ಬಂದರು. ಇಲ್ಲಿ ನಮ್ಮದು ಅನ್ನೋಕೆ ಅವರಿಗೆ ಒಂದು ರಾಜ್ಯ ಇರಲಿಲ್ಲ, ಇವತ್ತಿಗೂ ಇಲ್ಲ. ಸಿಂಧಿಗಳಾದ ನಮ್ಮ ನೆಲದ ನಡುವೆ ಯಾರೂ ಗೆರೆ ಎಳೆಯಲಿಲ್ಲ. ಮತ್ತೆ ನಾನು ಗೆರೆಯ ಚಿತ್ರ ಬರೆದು ಏನು ಮಾಡಲಿ? ನನಗೆ ಬೇಕಿದ್ದದ್ದು ಒಂದು ಮನೆ.

ಅಜ್ಜಿ ಹುಟ್ಟಿದ್ದು ಸಿಂಧ್‌ನ ಹೈದರಾಬಾದಿನಲ್ಲಿ, ಹೀರಾಬಾದ್ ಬಡಾವಣೆಯಲ್ಲಿ. 1948ರ ಜನವರಿಯಲ್ಲಿ ಕರಾಚಿಯಲ್ಲಿ ಗಲಭೆಯಾದ ಮೇಲೆ ಮನೆಯವರೆಲ್ಲ ಹಡಗು ಹತ್ತಿ ಬೊಂಬಾಯಿಗೆ ಬಂದರು. ಅಲ್ಲಿಂದ ಕಲ್ಯಾಣ್ ಕ್ಯಾಂಪಿನ ಮಿಲಿಟರಿ ಬ್ಯಾರಕ್ಕು. 1949ರಲ್ಲಿ ಆ ಜಾಗಕ್ಕೆ ಉಲ್ಹಾಸನಗರ ಅಂತ ಹೆಸರಾಯಿತು. ಅಜ್ಜಿ ಮದುವೆಯಾಗಿ ಬೆಂಗಳೂರಿಗೆ ಬಂದರು. ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಮನೆಯೊಳಗೆ ಸಿಂಧಿ, ಬೀದಿಗಿಳಿದರೆ ಕನ್ನಡ.

ಬಿಟ್ಟು ಬಂದ ಆಸ್ತಿಯ ಲೆಕ್ಕ ಹಿಡಿಯಲು ಸರ್ಕಾರ 1950ರಲ್ಲಿ ಕ್ಲೇಮ್ ಕಾಯ್ದೆ ತಂದಿತು. ಮುತ್ತಜ್ಜ ಹಾಕಿದ ಅರ್ಜಿಯ ನಕಲು ಅಜ್ಜಿಯ ಬೀರುವಿನಲ್ಲಿತ್ತು. ನಮ್ಮ ಕ್ರಯಪತ್ರದ ಹಾಗೇ ಅದರಲ್ಲೂ ಕೋಣೆಗಳ ಉದ್ದ ಅಗಲ, ಸುತ್ತಲಿನ ಚಕ್ಕುಬಂದಿ, ಎಲ್ಲ ಇದೆ. ಅದನ್ನು ನೋಡಿಕೊಂಡು ಅಡಿಗೆ ಒಂದು ಇಂಚಿನಂತೆ ನಕ್ಷೆ ಬರೆದೆ. ಅಜ್ಜಿಗೆ ತೋರಿಸಿದೆ. ನೋಡಿದರು, ತಲೆಯಾಡಿಸಿ ಮಡಚಿಟ್ಟರು. ಅದು ಅವರ ಮನೆಯಾಗಿರಲಿಲ್ಲ.

ಆಗ ಏನಾಯ್ತು ಅಂತ ಕೇಳಿದರೆ ಅಜ್ಜಿ ಎರಡೇ ಮಾತಲ್ಲಿ ಮುಗಿಸಿಬಿಡುತ್ತಿದ್ದರು. ಅದಕ್ಕೇ ಪ್ರಶ್ನೆ ಬದಲಿಸಿದೆ. ‘ಬೆಳಿಗ್ಗೆ ಎದ್ದ ತಕ್ಷಣ ಎಲ್ಲಿಗೆ ಹೋಗ್ತಿದ್ರಿ? ನಡೆದು ತೋರಿಸಿ ಅಜ್ಜಿ’ ಅಂದೆ. ನಮ್ಮ ಹಾಲಿನಲ್ಲಿದ್ದ ಸೋಫಾ ಸರಿಸಿ ಜಾಗ ಮಾಡಿದೆ. ಅಜ್ಜಿ ನಡೆಯುತ್ತಾ ಹೋದರು. ನಾನು ಸೀಮೆಸುಣ್ಣ ಹಿಡಿದು ಹಿಂದೆಯೇ ಕೂತು, ಪಾದ ಊರಿದ ಕಡೆಯೆಲ್ಲ ಗುರುತು ಹಾಕಿದೆ. ಒಂದು ಕಡೆ ಸೀರೆಯ ನೆರಿಗೆ ಹಿಡಿದು ಕಾಲನ್ನು ಎತ್ತಿ ಹಾಕಿದರು. ಅಲ್ಲಿ ಹೊಸ್ತಿಲಿತ್ತಂತೆ. ಇನ್ನೊಂದು ಕಡೆ ಸುತ್ತು ಹಾಕಿ ಹೋದರು, ಅಲ್ಲಿ ಉಯ್ಯಾಲೆ. ಆಮೇಲೆ ಒಂದು ಜಾಗದಲ್ಲಿ ನಿಂತು ಮುಖ ಮೇಲೆತ್ತಿದರು. ಹೈದರಾಬಾದಿನ ಹಳೇ ಮನೆಗಳ ತಾರಸಿ ಮೇಲೆ ಗಾಳಿ ಹಿಡಿಯುವ ಗೂಡು ಇರುತ್ತಿತ್ತು. ಬೇಸಿಗೆಯಲ್ಲಿ ನೈಋತ್ಯದಿಂದ ಬೀಸುವ ಗಾಳಿಯನ್ನು ಅದು ಕೆಳಗಿನ ಕೋಣೆಗಳಿಗೆ ಇಳಿಸುತ್ತಿತ್ತು. ಕ್ಲೇಮ್ ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ.

ಹಿರಿಯರು ಮನೆಯಲ್ಲಿದ್ದರೆ ಹೀಗೇ ಶುರು ಮಾಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಮಾತು ಆಮೇಲೆ ತಾನಾಗಿ ಬರುತ್ತೆ.

ಕ್ಲೇಮ್ ಕಾಗದದ್ದೊಂದು, ಅಜ್ಜಿಯ ಹೆಜ್ಜೆಯದೊಂದು, ಈ ಎರಡು ನಕ್ಷೆಗಳನ್ನು ಒಂದೇ ಬಟ್ಟೆಯ ಮೇಲೆ ತರಲು ಅಜ್ರಕ್ ಆರಿಸಿಕೊಂಡೆ. ಇದು ಸಿಂಧ್‌ನ ಅಚ್ಚಿನ ಬಟ್ಟೆ, ಆದರೆ ನಮ್ಮ ಮನೆತನದ ಕೆಲಸವೇನಲ್ಲ. ಶತಮಾನಗಳ ಹಿಂದೆ ಸಿಂಧ್‌ನಿಂದ ಕಛ್‌ಗೆ ಬಂದ ಖತ್ರಿ ಮುಸ್ಲಿಮರು ಅದನ್ನು ಉಳಿಸಿಕೊಂಡಿದ್ದಾರೆ. 2001ರ ಭೂಕಂಪದ ಮೇಲೆ ಅವರಲ್ಲಿ ಅನೇಕರು ಕಟ್ಟಿಕೊಂಡ ಊರು ಅಜ್ರಖ್‌ಪುರ. ಅಲ್ಲಿನ ಒಬ್ಬ ಹಿರಿಯ ಕಸುಬುದಾರರ ಹತ್ತಿರ ಕಲಿತೆ. ನಾನು ಯಾರ ಮನೆಯವಳು ಅಂತ ಕೇಳಿ, ಅವರೂ ತಮ್ಮ ಪೂರ್ವಿಕರ ಊರಿನ ಮಾತು ತೆಗೆದರು. ಅವತ್ತು ಕೆಲಸಕ್ಕಿಂತ ಮಾತೇ ಜಾಸ್ತಿ ಆಯಿತು.

ಕೆಲಸದ ಕ್ರಮ ಹೀಗೆ. ಬಟ್ಟೆಯನ್ನು ಚೆನ್ನಾಗಿ ಒಗೆದು, ಸೋಡಾ ಮತ್ತು ಹರಳೆಣ್ಣೆಯಲ್ಲಿ ಹದ ಮಾಡಿ, ಅಳಲೆಕಾಯಿ ನೀರಿನಲ್ಲಿ ಅದ್ದಬೇಕು. ಆಗ ಅದು ತಿಳಿ ಹಳದಿಗೆ ತಿರುಗುತ್ತೆ. ಆಮೇಲೆ ಸುಣ್ಣ ಮತ್ತು ಜಾಲಿ ಗೋಂದು ಕಲಸಿ ಅಚ್ಚೊತ್ತುತ್ತಾರೆ. ಅದು ಕೂತ ಕಡೆ ಬಣ್ಣ ಹತ್ತುವುದಿಲ್ಲ, ಕೊನೆಗೂ ಬಿಳಿಯಾಗೇ ಉಳಿಯುತ್ತೆ. ಕ್ಲೇಮ್ ಕಾಗದದ ಗೋಡೆಗಳನ್ನೆಲ್ಲ ಇದರಲ್ಲಿ ಒತ್ತಿದೆ. ಚಕ್ಕುಬಂದಿಗೆ ಮಾತ್ರ ಕಪ್ಪು. ತುಕ್ಕು ಹಿಡಿದ ಕಬ್ಬಿಣ ಮತ್ತು ಬೆಲ್ಲವನ್ನು ನೀರಿನಲ್ಲಿ ಕೊಳೆಸಿ, ಹುಣಸೆ ಬೀಜದ ಹಿಟ್ಟು ಹಾಕಿ ಗಟ್ಟಿ ಮಾಡಿದ ಕಪ್ಪು ಅದು. ವಾಸನೆ ಸಹಿಸೋಕಾಗಲ್ಲ, ಆದರೆ ಬಣ್ಣ ಎಷ್ಟು ಗಾಢ!

ಅಜ್ಜಿಯ ಹೆಜ್ಜೆಗಳಿಗೆ ಪಟಿಕ ಬಳಸಿದೆ. ಬಾದಾಮಿ ಆಕಾರದ ಪುಟ್ಟ ಅಚ್ಚಿನಿಂದ, ಸೀಮೆಸುಣ್ಣದ ಗುರುತಿನ ಪ್ರಕಾರ ಒಂದೊಂದೇ ಒತ್ತುತ್ತಾ ಹೋದೆ. ಪಟಿಕಕ್ಕೆ ಜೇಡಿಮಣ್ಣು, ಗೋಂದು ಸೇರಿಸಿರುತ್ತಾರೆ. ಒತ್ತಿದ ಮೇಲೆ ಮರದ ಹೊಟ್ಟು ಉದುರಿಸಿದರೆ ಕಲೆಸಿಹೋಗಲ್ಲ, ಆಮೇಲೆ ಹಾಕುವ ನೀಲಿ ಬಣ್ಣವೂ ಒಳಗೆ ಇಳಿಯಲ್ಲ. ನೀಲಿಯಲ್ಲಿ ಅದ್ದಿ, ಒಣಗಿಸಿ, ಒಗೆದಾಗ ಹೆಜ್ಜೆಗಳು ನೀಲಿಯ ನಡುವೆ ಬರೀ ಪೇಲವವಾಗಿರುತ್ತವೆ, ಕೆಂಪು ಇನ್ನೂ ಬಂದಿರಲ್ಲ. ಅದಕ್ಕೆ ಕೆಂಪು ಬಣ್ಣ ಕೊಡುವ ಮಂಜಿಷ್ಠ ಬೇರಿನ ಹಂಡೆಯಲ್ಲಿ ಕುದಿಸಬೇಕು. ಕೋಲಿನಿಂದ ಬಟ್ಟೆಯನ್ನು ಎತ್ತಿ ಎತ್ತಿ ಮುಳುಗಿಸುವಾಗ ಪಟಿಕ ಇದ್ದ ಕಡೆಯಲ್ಲಷ್ಟೇ ಕೆಂಪು ನಿಲ್ಲುತ್ತಾ ಬರುತ್ತೆ. ಹಾಗೆ ಹೆಜ್ಜೆಗಳು ಕೆಂಪಾಗಿ ಕಾಣಿಸಿಕೊಂಡಾಗ ನಾನು ಅತ್ತೆ.

ಬಿಳಿ ಗೋಡೆಗೂ ಕೆಂಪು ಹೆಜ್ಜೆಗೂ ತಾಳೆಯಾಗುವುದಿಲ್ಲ. ಕಾಗದದ ಪ್ರಕಾರ ಗೋಡೆಯಿರುವ ಕಡೆ ಅಜ್ಜಿ ಸಲೀಸಾಗಿ ದಾಟಿ ಹೋಗಿದ್ದಾರೆ. ಉಯ್ಯಾಲೆಯ ಕೋಣೆ ಅಳತೆಗಿಂತ ತುಂಬಾ ದೊಡ್ಡದಾಗಿದೆ. ಸರಿಪಡಿಸಿ ಒತ್ತಬಹುದಿತ್ತಲ್ವಾ ಅಂತ ಒಬ್ಬ ಗೆಳತಿ ಕೇಳಿದಳು. ಅಷ್ಟು ವರ್ಷ ನೆನಪಿನಲ್ಲೇ ಓಡಾಡಿದ ಮನೆ ಅದು. ಅದರ ಅಳತೆ ಹೇಳೋ ಹಕ್ಕು ಅಜ್ಜಿಯದು.

ಬಟ್ಟೆಯನ್ನು ಉಲ್ಹಾಸನಗರದಲ್ಲಿರುವ ಚಿಕ್ಕಜ್ಜಿಗೆ ತೋರಿಸಲು ತೆಗೆದುಕೊಂಡು ಹೋಗಿದ್ದೆ. ಮನೆ ಬಿಟ್ಟಾಗ ಅವರು ಸಣ್ಣ ಹುಡುಗಿ. ಬಹಳ ಹೊತ್ತು ಬೆರಳಾಡಿಸಿ ನೋಡಿ, ‘ಮೆಟ್ಟಿಲು ಈ ಕಡೆ ಇರಲೇ ಇಲ್ಲ, ನಿಮ್ಮಜ್ಜಿಗೆ ಮರೆತುಹೋಗಿದೆ’ ಅಂದರು. ಎದ್ದು ನಿಂತು ಅವರೇ ಚಪ್ಪಲಿ ಬಿಚ್ಚಿದರು. ನಾನು ಚೀಲದಿಂದ ಸೀಮೆಸುಣ್ಣ ತೆಗೆದೆ. ಅವರ ಹೆಜ್ಜೆಗೆ ಇನ್ನೂ ಚಿಕ್ಕ ಅಚ್ಚು ಬೇಕು. ಮರದ ಅಚ್ಚು ಕೆತ್ತುವವರಿರುವ ಗುಜರಾತಿನ ಪೇಥಾಪುರದಲ್ಲಿ ಕೆತ್ತಿಸಲು ಕೊಟ್ಟಿದ್ದೇನೆ.