ತೊಟ್ಟಿಲಿನ ಫೋಟೋ ಮತ್ತು ಮಳೆಮರದ ವಯಸ್ಸು

ಮುಂಬಯಿಯ ಚೆಂಬೂರಿನ ನಮ್ಮ ಹೌಸಿಂಗ್ ಸೊಸೈಟಿ ರೀಡೆವಲಪ್‌ಮೆಂಟ್‌ಗೆ, ಅಂದರೆ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಲು ಹೋದಾಗ ಎಲ್ಲರೂ ಹೊಸ ಫ್ಲ್ಯಾಟಿನ ಕಾರ್ಪೆಟ್ ಏರಿಯಾ ಲೆಕ್ಕ ಹಾಕುತ್ತಿದ್ದರು. ನಾನೂ ಹಾಕಿದೆ. 2023ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಹಾಲು ತರಲು ಕೆಳಗಿಳಿದೆ. ಗೇಟಿನ ಪಕ್ಕದ ಮಳೆಮರಕ್ಕೆ ಒಂದು ಕಾಗದ ಅಂಟಿಸಿದ್ದರು. ಮರಾಠಿಯಲ್ಲಿ ನೋಟಿಸು. ಆವರಣದ 14 ಮರಗಳಲ್ಲಿ 9 ಕಡಿಯಲು, 3 ಕಿತ್ತು ಬೇರೆಡೆ ನೆಡಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದರೆ ತಿಳಿಸಿ ಎಂದಿತ್ತು. ಗಡುವಿಗೆ 5 ದಿನ ಉಳಿದಿತ್ತು.

ಮೊದಲು ನಾನು ಬರೆದ ಪತ್ರ ಈಗಲೂ ನನ್ನ ಹತ್ತಿರ ಇದೆ. ನೆರಳು, ಹಕ್ಕಿಗೂಡು, ನಾವು ಮದುವೆಯಾಗಿ ಬಂದಾಗಿನ ನೆನಪು, ಇಷ್ಟೇ ಅದರಲ್ಲಿ. ಕೆಳಗಿನ ಮನೆಯ ಮಾಮ ಹಿಂದೆ ಒಂದು ಸರ್ಕಾರಿ ಕಚೇರಿಯಲ್ಲಿದ್ದವರು. ಓದಿ, "ಅಕ್ಕಾ, ಇದು ಸತ್ಯ. ಆದರೆ ಇದಕ್ಕೆ ಅವರು ಏನು ಉತ್ತರ ಬರೆಯಬೇಕು? ಒಂದೊಂದು ಮರಕ್ಕೂ ಒಂದೊಂದು ಪ್ರಶ್ನೆ ಕೇಳಿ" ಎಂದರು. ಆ ರಾತ್ರಿ ಕೂತು ಕಾಯ್ದೆ ಓದಿದೆ.

ಮುಂಬಯಿಗೆ ಅನ್ವಯಿಸುವುದು 1975ರ ಮಹಾರಾಷ್ಟ್ರ ನಗರ ಪ್ರದೇಶಗಳ ಮರ ಸಂರಕ್ಷಣಾ ಕಾಯ್ದೆ. ಮರ ನಮ್ಮ ಜಾಗದಲ್ಲೇ ಇದ್ದರೂ ಪಾಲಿಕೆಯ ಅನುಮತಿ ಬೇಕು. ಮರದ ಮೇಲೆ ನೋಟಿಸು ಹಚ್ಚಲೇಬೇಕು, ಪತ್ರಿಕೆಯಲ್ಲೂ ಪ್ರಕಟಿಸಬೇಕು. ಬೆಂಕಿ ಇಡುವುದು, ಬೇರೆ ರೀತಿ ಹಾನಿ ಮಾಡುವುದು ಕೂಡ ಕಡಿದಂತೆಯೇ ಲೆಕ್ಕ. 2021ರಲ್ಲಿ ತಿದ್ದುಪಡಿ ಬಂತು. 50 ವರ್ಷ ದಾಟಿದ ಮರ ಈಗ ಪಾರಂಪರಿಕ ವೃಕ್ಷ. ಒಂದು ಮರ ಕಡಿದರೆ ಅದರ ವಯಸ್ಸು ಎಷ್ಟೋ ಅಷ್ಟು ಸಸಿ ನೆಡಬೇಕು. ಅಂದರೆ ವಯಸ್ಸಿನ ಅಂಕಿಯ ಮೇಲೆ ಎಲ್ಲ ನಿಂತಿದೆ ಅಲ್ವಾ?

ಬಿಲ್ಡರ್ ಕಡೆಯವರು ಮಾಡಿಸಿದ ಪಟ್ಟಿ ತರಿಸಿ ನೋಡಿದೆ. ನಮ್ಮ ಮಳೆಮರಕ್ಕೆ 35 ವರ್ಷ ಅಂತ ಬರೆದಿದ್ದರು!

ನಾನೂ ಪಕ್ಕದ ಮನೆಯ ಹುಡುಗಿಯೂ ಅಳೆಯಲು ಹೊರಟೆವು. ಎದೆಮಟ್ಟದಲ್ಲಿ, ಅಂದರೆ ನೆಲದಿಂದ ಸುಮಾರು ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ ತೆಗೆಯಬೇಕು. ನನ್ನ ಹೊಲಿಗೆ ಟೇಪು ಸಾಲಲಿಲ್ಲ. ಬಟ್ಟೆ ಒಣಗಿಸುವ ಹಗ್ಗ ಸುತ್ತಿ, ಆಮೇಲೆ ಅದನ್ನು ಅಳೆದೆವು. 4 ಮೀಟರಿಗೆ ಸ್ವಲ್ಪ ಕಡಿಮೆ. ಅದನ್ನು ತೋರಿಸಿದರೆ ಸರ್ವೇ ಮಾಡಿದವರು, ಮಳೆಮರ ಬೇಗ ದಪ್ಪವಾಗುತ್ತದೆ, ಸುತ್ತಳತೆಯಿಂದ ವಯಸ್ಸು ಹೇಳಲು ಬರುವುದಿಲ್ಲ ಎಂದರು. ಆ ಮಾತು ನಿಜವೇ. ನನಗೆ ಬೇರೆ ಸಾಕ್ಷಿ ಬೇಕಿತ್ತು.

ಅದು ಸಿಕ್ಕಿದ್ದು ಕಪಾಟಿನ ಮೇಲಿದ್ದ ಹಳೇ ಆಲ್ಬಮ್‌ನಲ್ಲಿ. 1972ರಲ್ಲಿ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಅಂಗಳದಲ್ಲಿ ತೆಗೆದ ಫೋಟೋ. ಅತ್ತೆಯ ಮಡಿಲಲ್ಲಿ ಮಗು. ಹಿಂದೆ ಅದೇ ಗೇಟು, ಅದೇ ಮರ, ಆಗಲೇ ಮೊದಲ ಮಹಡಿಯ ಕಿಟಕಿ ದಾಟಿ ನಿಂತಿದೆ. ಫೋಟೋದ ಹಿಂದೆ ಸ್ಟುಡಿಯೋದವರ ಮೊಹರು, ತಾರೀಖು. ನನ್ನ ಕೈ ನಡುಗಿತು. ಅದರ ಪ್ರತಿ, ಮಗಳ ಜನ್ಮ ಪ್ರಮಾಣಪತ್ರ, ಈಗಿನ ಫೋಟೋ, ಮೂರನ್ನೂ ಲಗತ್ತಿಸಿದೆ.

ಇನ್ನೊಂದು ಜಗಳ ಪಾರಿಜಾತದ್ದು. ಅದು ಪಟ್ಟಿಯಲ್ಲೇ ಇರಲಿಲ್ಲ. ಸರ್ವೇ ಮಾಡಿದವರನ್ನು ಕೇಳಿದರೆ, "ಅದು ಝಾಡ್ ಅಲ್ಲ ಕಾಕೂ, ಝುಡುಪ್" ಎಂದರು. ಮರ ಅಲ್ಲ, ಪೊದೆ ಅಂತ. ಆದರೆ ಕಾಯ್ದೆಯ ವ್ಯಾಖ್ಯೆಯಲ್ಲಿ ನೆಲಮಟ್ಟದಿಂದಲೇ ಕೊಂಬೆ ಒಡೆಯುವ ಪೊದೆಯೂ ಮರವೇ, ಸಸಿಯೂ ಮರವೇ. ಅತ್ತೆ ನೆಟ್ಟ ಗಿಡ ಅದು. ಆ ಸಾಲನ್ನು ಹಾಗೇ ಎತ್ತಿ ಬರೆದೆ. ಅರ್ಜಿ ಕೊಟ್ಟು ಎರಡನೇ ಪ್ರತಿಯ ಮೇಲೆ ಪೋಚ್, ಅಂದರೆ ಅರ್ಜಿ ತಲುಪಿದ ಗುರುತು, ತಗೊಂಡೆ. ಮೊಹರು, ತಾರೀಖು, ನಂಬರು ಇಲ್ಲದೆ ಹಿಂದೆ ಬರಬೇಡಿ.

ಉದ್ಯಾನ ವಿಭಾಗದವರು ಬಂದು ಸ್ಥಳ ನೋಡಿದರು. ಫೋಟೋ ಹಿಡಿದು ಗೇಟಿನ ಹತ್ತಿರ ನಿಂತು ತುಂಬಾ ಹೊತ್ತು ಮರ ನೋಡಿದರು. ಕೊನೆಗೆ ಕಾರ್ ರ‍್ಯಾಂಪನ್ನು ಇನ್ನೊಂದು ಬದಿಗೆ ಸರಿಸಿದ ಹೊಸ ನಕ್ಷೆ ಬಂತು. ಮಳೆಮರ ಉಳಿಯಿತು. ಒಂದು ಮಾವು, ಒಂದು ನೇರಳೆ ಕೂಡ ಉಳಿದವು. 6 ಮರ ಹೋದವು. ಅಷ್ಟನ್ನೂ ಉಳಿಸಲಾಗಲಿಲ್ಲ.

ಕಿತ್ತು ನೆಡುವ ಕೆಲಸದ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಹಳದಿ ಹೂವಿನ ಸೋನ್‌ಮೊಹರ್ ಮರವನ್ನು ಮೇ ತಿಂಗಳ ಬಿಸಿಲಲ್ಲಿ, ಬೇರಿನ ಸುತ್ತ ಒಂದು ಬುಟ್ಟಿಯಷ್ಟೇ ಮಣ್ಣು ಬಿಟ್ಟು ಎತ್ತಿದರು. ಆರು ವಾರದಲ್ಲಿ ಒಣಗಿತು. ಪಾರಿಜಾತದ ಸರದಿ ಬಂದಾಗ ನಾನು ಹಟ ಹಿಡಿದೆ. ಜೂನ್ ಮಳೆ ಹಿಡಿಯುವವರೆಗೆ ಮುಟ್ಟಬಾರದು, ಸುತ್ತ ಅಗಲವಾಗಿ ಅಗೆಯಬೇಕು, ಬೇರಿನ ಮುದ್ದೆಗೆ ಗೋಣಿ ಕಟ್ಟಬೇಕು. ಮಣ್ಣು ಒದ್ದೆ ಇದ್ದಾಗ ಎತ್ತಿ ಮೂಲೆಯಲ್ಲಿ ನೆಟ್ಟರು. ಎರಡು ತಿಂಗಳಿಗೆ ಚಿಗುರಿತು.

ಕಟ್ಟಡ ಕೆಲಸ ನಡೆಯುವಾಗ ಮಳೆಮರದ ಸುತ್ತ ತಗಡಿನ ಬೇಲಿ ಹಾಕಿಸಿದೆವು. ಸಿಮೆಂಟು ಕಲೆಸಿದ ನೀರು ಬುಡಕ್ಕೆ ಹರಿಯದಂತೆ ವಾಚ್‌ಮನ್ ನೋಡಿಕೊಳ್ಳುತ್ತಿದ್ದ.

ಈಗ ಪ್ರತಿ ಯುಗಾದಿಗೆ ನಮ್ಮ ಸೊಸೈಟಿಯ ಮಕ್ಕಳು ಒಂದೊಂದು ಮರದ ಪಕ್ಕ ಅವತ್ತಿನ ಪೇಪರ್ ಹಿಡಿದು ನಿಲ್ಲುತ್ತಾರೆ. ಫೋಟೋ ತೆಗೆದು ಸುತ್ತಳತೆ ಬರೆದು ಕಚೇರಿಯ ಫೈಲಿಗೆ ಹಾಕುತ್ತೇವೆ. ಈ ಸಲ ಪಾರಿಜಾತದ ಪಕ್ಕ ನಿಂತಿದ್ದು ನನ್ನ ಮೊಮ್ಮಗಳು.