ಕೋಳಿ ಮತ್ತು ಮರಿಗಳ ವಾಕ್ಯ: ಮನೆಕೂಟದಲ್ಲಿ ಐದು ಸಂಜೆ (ನನ್ನ ಅನುಭವ)

ಲೂಕ 13:34ನ್ನು ಒಂದು ಭಾನುವಾರದ ಪ್ರಸಂಗದಲ್ಲಿ ಮುಗಿಸಿಬಿಡುವುದು ನಮ್ಮ ಸಭೆಗಳ ರೂಢಿ. ಕೋಳಿ ತನ್ನ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ಹಾಗೆ ನಿನ್ನ ಮಕ್ಕಳನ್ನು ಸೇರಿಸಿಕೊಳ್ಳಲು ನನಗೆ ಎಷ್ಟೋ ಸಲ ಮನಸ್ಸಾಗಿತ್ತು, ಆದರೆ ನಿಮಗೇ ಮನಸ್ಸಿರಲಿಲ್ಲ ಎಂದು ಯೇಸು ಯೆರೂಸಲೇಮಿಗೆ ಹೇಳುವ ಮಾತು. ಮೊದಲರ್ಧಕ್ಕೆ ಎಲ್ಲರೂ ಆಮೆನ್ ಅನ್ನುತ್ತಾರೆ. ಎರಡನೆಯದು ಯಾರಿಗೋ ಹೇಳಿದ್ದು ಎಂದು ದಾಟಿಹೋಗುತ್ತಾರೆ. ಈ ಒಂದು ವಾಕ್ಯ ಹಿಡಿದು ಲೆಂಟ್‌ನಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ, ಮನೆಮನೆಯಲ್ಲಿ ಐದು ಸಂಜೆ ಕೂಟ ನಡೆಸುತ್ತೇವೆ ಅಂದಾಗ ಹಿರಿಯರು "ಎರಡನೇ ವಾರಕ್ಕೇ ಚಾಪೆ ಖಾಲಿ" ಅಂದಿದ್ದರು. ಈಗ ಪಕ್ಕದ ಸಭೆಗಳ ಅಯ್ಯನವರೇ (ಪಾಸ್ಟರುಗಳೇ) ಕ್ರಮ ಕೇಳಿ ಬರೆಸಿಕೊಂಡು ಹೋಗುತ್ತಿದ್ದಾರೆ. ಮನೆಕೂಟ ನಡೆಸಿ ಗೊತ್ತಿರುವವರಿಗೆ ಮಾತ್ರ ಇದು.

ಮೊದಲು ಕೆಡುವುದು ಕೀರ್ತನೆ 91ರಿಂದ ಶುರು ಮಾಡಿದಾಗ. ದೇವರು ತನ್ನ ರೆಕ್ಕೆಯಡಿ ಕಾಪಾಡುತ್ತಾನೆ ಎನ್ನುವ ಆ ಕೀರ್ತನೆ ನಮ್ಮ ಜನರಿಗೆ ಬಾಯಿಪಾಠ. ಬಾಗಿಲ ಮೇಲೆ ಅಂಟಿಸುತ್ತಾರೆ, ಮಗುವಿನ ತಲೆದಿಂಬಿನಡಿ ಇಡುತ್ತಾರೆ, ಬಸ್ಸು ಹತ್ತುವ ಮುಂಚೆ ಹೇಳಿಕೊಳ್ಳುತ್ತಾರೆ. ಅಲ್ಲಿಂದ ಹೊರಟು "ನಿಮಗೆ ಮನಸ್ಸಿರಲಿಲ್ಲ" ಎಂಬಲ್ಲಿಗೆ ಬಂದರೆ, ಗಂಡನನ್ನೋ ಮಗುವನ್ನೋ ಕಳೆದುಕೊಂಡ ಮನೆಯವರಿಗೆ ಕೇಳಿಸುವುದೇ ಬೇರೆ: ನಿನ್ನ ನಂಬಿಕೆ ಸಾಲಲಿಲ್ಲ, ಅದಕ್ಕೇ ರೆಕ್ಕೆ ಸಿಗಲಿಲ್ಲ ಎಂದು. ಅಂಥವರು ಎದ್ದು ಜಗಳ ಮಾಡುವುದಿಲ್ಲ, ಮುಂದಿನ ವಾರ ಬರುವುದಿಲ್ಲ, ಅಷ್ಟೇ.

ಇದಕ್ಕೆ ಮದ್ದು ಅದೇ ಅಧ್ಯಾಯದಲ್ಲಿದೆ. ಮೊದಲ ಸಂಜೆ ಲೂಕ 13:1–5 ಓದಿಸಿ. ಸಿಲೋವದಲ್ಲಿ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳೇನಲ್ಲ ಎಂದು ಯೇಸು ಖಡಾಖಂಡಿತವಾಗಿ ಹೇಳುತ್ತಾನೆ. ಇದನ್ನು ಕೇಳಿಸಿಯೇ 31ನೇ ವಚನಕ್ಕೆ ಹೋಗಬೇಕು. 34ಕ್ಕೆ ನೇರ ಜಿಗಿಯಬೇಡಿ. 31ರಲ್ಲಿ ಗಲಿಲಾಯದ ಅಧಿಪತಿ ಹೆರೋದ ನಿನ್ನನ್ನು ಕೊಲ್ಲಬೇಕೆಂದಿದ್ದಾನೆ ಎಂದು ಯೇಸುವಿಗೆ ಬಂದ ಎಚ್ಚರಿಕೆ, 32ರಲ್ಲಿ ಯೇಸು ಅವನನ್ನು ನರಿ ಅನ್ನುವುದು, ಎರಡೇ ವಚನ ದಾಟಿದರೆ ಕೋಳಿ. ನರಿಯನ್ನು ಬಿಟ್ಟು ಕೋಳಿಯನ್ನಷ್ಟೇ ಓದಿದರೆ ಅದು ಮಕ್ಕಳ ಕ್ಯಾಲೆಂಡರಿನ ಚಿತ್ರವಾಗುತ್ತದೆ. ಕೋಳಿಗೆ ನರಿಯನ್ನು ಕೊಲ್ಲುವ ಶಕ್ತಿಯಿಲ್ಲ. ಮರಿಗೂ ನರಿಗೂ ನಡುವೆ ತಾನು ನಿಲ್ಲಬಲ್ಲದು, ಅಷ್ಟೇ. ಶಿಲುಬೆಯನ್ನು ಹೊರಗಿನಿಂದ ತಂದು ಜೋಡಿಸುವ ಕೆಲಸವೇ ಉಳಿಯುವುದಿಲ್ಲ, ಜನ ತಾವೇ ಅಲ್ಲಿಗೆ ಬರುತ್ತಾರೆ.

ಕೀರ್ತನೆ 91 ಎರಡನೇ ಸಂಜೆಗೆ, ಅದೂ ಮತ್ತಾಯ 4:5–7ರ ಜೊತೆ. ದೇವಾಲಯದ ತುದಿಯಲ್ಲಿ ಆ ಕೀರ್ತನೆಯ 11, 12ನೇ ವಚನ ಹೇಳಿದವನು ಸೈತಾನ, ಧುಮುಕದೆ ನಿಂತವನು ಯೇಸು. ಕಾಪಾಡುವವನನ್ನು ನಂಬುವುದು ಬೇರೆ, ಪರೀಕ್ಷೆ ಮಾಡುವುದು ಬೇರೆ ಎಂದು ವಿವರಿಸಲು ಹತ್ತು ನಿಮಿಷಕ್ಕಿಂತ ಹೆಚ್ಚು ಬೇಕಾಗಿಲ್ಲ. ರೋಮಾಪುರದವರಿಗೆ 8:35–39 ಓದಿ ಮುಗಿಸಿ. ಖಡ್ಗ ತಪ್ಪುತ್ತದೆ ಎಂದು ಪೌಲ ಬರೆಯಲಿಲ್ಲ. ಖಡ್ಗವೂ ಅಗಲಿಸಲಾರದು ಎಂದು ಬರೆದ.

ಮೂರನೇ ಸಂಜೆ ನಮ್ಮಲ್ಲಿ ಅತಿ ಚೆನ್ನಾಗಿ ನಡೆಯುವುದು. ಯೆಶಾಯ 30:1–16. ಐಗುಪ್ತದ (ಈಜಿಪ್ಟಿನ) ನೆರಳನ್ನು ಆಶ್ರಯಿಸಲು ಹೊರಟವರಿಗೆ ದೇವರು, ಸುಮ್ಮನಿದ್ದು ಭರವಸವಿಡಿ ಅನ್ನುತ್ತಾನೆ. ಒಲ್ಲೆವು, ಕುದುರೆ ಹತ್ತಿ ಓಡುತ್ತೇವೆ ಅನ್ನುತ್ತಾರೆ. ನೆರಳಂತೂ ಎಲ್ಲರಿಗೂ ಬೇಕು, ಯಾರ ನೆರಳು ಎಂಬುದೇ ಪ್ರಶ್ನೆ. "ನಮ್ಮ ಐಗುಪ್ತ ಯಾವುದು?" ಎಂದು ಕೇಳಿ ಸುಮ್ಮನಾಗಿ. ಚೀಟಿ ವ್ಯವಹಾರ, ದುಬೈನಲ್ಲಿರುವ ಮಗ, ಅಡವಿಟ್ಟ ಒಡವೆ, ಊರಿನ ಮುಖಂಡರು ಎಂದು ಒಂದೊಂದೇ ಹೊರಬರುತ್ತದೆ. ಯಾರನ್ನೂ ತಿದ್ದಲು ಹೋಗಬೇಡಿ.

ನಾಲ್ಕನೆಯದು ಲೂಕ 15:25–32, ಮನೆ ಬಿಟ್ಟುಹೋಗಿ ಹಿಂದಿರುಗಿದ ಕಿರಿಮಗನಿಗೆ ತಂದೆ ಹಬ್ಬ ಮಾಡಿಸಿದ ಸಾಮ್ಯದ ಕೊನೆಯ ಭಾಗ. ಹಿರಿಮಗ ಕೋಪಗೊಂಡು ಒಳಗೆ ಹೋಗಲೊಲ್ಲದೆ ಇದ್ದ, ತಂದೆಯೇ ಹೊರಗೆ ಬಂದು ಬೇಡಿಕೊಂಡ. ಸಭೆಗೆ ತಪ್ಪದೆ ಬರುವವರಿಗೆ ಈ ಭಾಗ ತಟ್ಟುವಷ್ಟು ಕಿರಿಮಗನ ಭಾಗ ತಟ್ಟುವುದಿಲ್ಲ. ಅವನು ಕೊನೆಗೆ ಒಳಗೆ ಹೋದನೋ ಇಲ್ಲವೋ ಯೇಸು ಹೇಳಿಲ್ಲ, ನೀವೂ ಹೇಳಬೇಡಿ.

ಇನ್ನು ಕೂಟದವರು ಕಣ್ಣಾರೆ ನೋಡಲೆಂದು ತರುವ ಜೀವಂತ ಕೋಳಿಯ ವಿಷಯ. ಮೊದಲ ಸಂಜೆಗೆ ನಾಟಿ ಕೋಳಿ, ತಾನೇ ಕಾವು ಕೂತು ಮರಿ ಮಾಡಿದ್ದು ಬೇಕು. 21 ದಿನಕ್ಕೆ ಒಡೆದ ಮರಿಗಳು ಒಂದು ವಾರದೊಳಗಿನವಾದರೆ ಉತ್ತಮ. ಆ ವಯಸ್ಸಿನಲ್ಲಿ ಮೈಶಾಖ ತಾವೇ ಕಾಯ್ದುಕೊಳ್ಳಲಾರವು, ಹಾಗಾಗಿ ಪದೇ ಪದೇ ತಾಯಿಯಡಿ ನುಗ್ಗುತ್ತವೆ. ಬಿದಿರ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ತನ್ನಿ. ಮೂಲೆಯಲ್ಲಿ ಗೋಣಿಚೀಲ ಹಾಸಿ, ಫ್ಯಾನ್ ನಿಲ್ಲಿಸಿ, ನಾಯಿ ಬೆಕ್ಕು ಹೊರಗೆ. ಹತ್ತು ಹದಿನೈದು ನಿಮಿಷ ಯಾರೂ ಹತ್ತಿರ ಹೋಗಬಾರದು. ಆಮೇಲೆ ಒಂದು ಲೈಟ್ ಆರಿಸಿ. ಕೋಳಿ ಕುಕ್ಕರಿಸಿ, ರೆಕ್ಕೆ ಮೈಯಿಂದ ಸ್ವಲ್ಪ ಬಿಡಿಸಿ, ಗಂಟಲಲ್ಲೇ ಸಣ್ಣಗೆ ಕೊಕ್ ಕೊಕ್ ಅನ್ನುತ್ತದೆ. ಮರಿಗಳು ಒಂದೊಂದಾಗಿ ಒಳಗೆ. ಇಲ್ಲಿ ಗಮನಿಸಬೇಕಾದದ್ದು, ಕೋಳಿ ಮರಿಯನ್ನು ಕಚ್ಚಿ ಎತ್ತಿ ತರುವುದಿಲ್ಲ. ಕರೆಯುವುದು, ರೆಕ್ಕೆ ತೆರೆದು ಕಾಯುವುದು, ಅಷ್ಟೇ ಅದರ ಕೈಲಾಗುವುದು. ಒಂದು ಮರಿ ಹೊರಗೆ ಉಳಿದೇ ಉಳಿಯುತ್ತದೆ. ಕೂಟದವರು ಅದನ್ನು ಹಿಡಿದು ಒಳಗೆ ತಳ್ಳಲು ಕೈಚಾಚುತ್ತಾರೆ. ತಡೆಯಿರಿ. ಅದು ತಾನೇ ಹೋಗುವವರೆಗೆ ಎಲ್ಲರೂ ನೋಡಲಿ, ವಿವರಣೆ ಬೇಡ.

ಹಳೇ ಮೈಸೂರು ಕಡೆ ಯಾರಾದರೂ ಮಾರ್ಜಾಲ ನ್ಯಾಯ, ಮರ್ಕಟ ನ್ಯಾಯದ ಮಾತು ತೆಗೆಯುವುದುಂಟು. ಬೆಕ್ಕು ಮರಿಯನ್ನು ತಾನೇ ಕಚ್ಚಿ ಒಯ್ಯುತ್ತದೆ, ಕೋತಿಮರಿ ತಾನೇ ತಾಯಿಯನ್ನು ಅಪ್ಪಿ ಹಿಡಿಯುತ್ತದೆ; ದೇವರ ಕೃಪೆ ಇವೆರಡರಲ್ಲಿ ಯಾವ ರೀತಿಯದು ಎಂಬ ಶ್ರೀವೈಷ್ಣವರ ಆ ಚರ್ಚೆ ದೊಡ್ಡದು, ಗೌರವದಿಂದ ಕೇಳಿಸಿಕೊಂಡು ಮುಂದುವರಿಯಿರಿ. ಕೋಳಿ ಎರಡರಲ್ಲೂ ಸೇರದು.

ಅಂಗಡಿಯಿಂದ ತಂದ, ಬಲ್ಬಿನ ಶಾಖದಲ್ಲಿ ಬೆಳೆದ ಮರಿಗಳನ್ನೂ ಬಿಟ್ಟು ನೋಡಿದ್ದೇವೆ. ಕೋಳಿಯ ಕರೆ ಅವಕ್ಕೆ ಗೊತ್ತೇ ಆಗದು, ಲೈಟಿನ ಕಡೆಗೇ ಓಡುತ್ತವೆ. ತಾಯಿಕೋಳಿ ಕುಟುಕುವ ಅಪಾಯವೂ ಇದೆ, ಆದ್ದರಿಂದ ಕೂಟದಲ್ಲಿ ಬೇಡ. ಹೊಸದಾಗಿ ಒಡೆದ ಮರಿಗಳನ್ನು ರಾತ್ರಿ ಕತ್ತಲಲ್ಲಿ ಮೆಲ್ಲಗೆ ಕಾವು ಕೂತ ಕೋಳಿಯ ಅಡಿಯಲ್ಲಿಟ್ಟರೆ ಅದು ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತದೆ. ಅದರ ಮೇಲೆ ಪ್ರಸಂಗ ಮಾಡುವ ಆಸೆ ಬರುತ್ತದೆ. ಮಾಡಬೇಡಿ, ವಾಕ್ಯದಲ್ಲಿ ಇಲ್ಲದ್ದು.

ಅಪಾರ್ಟ್‌ಮೆಂಟಿನಲ್ಲಿ ಕೋಳಿ ಆಗದು. ಅಲ್ಲಿ ಯೆರೂಸಲೇಮಿನ ಎಣ್ಣೆಮರಗಳ ಗುಡ್ಡದ ಡೋಮಿನುಸ್ ಫ್ಲೆವಿತ್ (ಕರ್ತನು ಅತ್ತನು) ದೇವಾಲಯದ ಚಿತ್ರ ಬಳಸಿ. ಇಟಲಿಯ ವಾಸ್ತುಶಿಲ್ಪಿ ಬಾರ್ಲುಜ್ಜಿ ವಿನ್ಯಾಸದ, 1955ರಲ್ಲಿ ಮುಗಿದ ಆ ದೇವಾಲಯದ ಬಲಿಪೀಠದ ಮುಂಭಾಗದಲ್ಲಿ ರೆಕ್ಕೆ ಬಿಚ್ಚಿ ನಿಂತ ಕೋಳಿಯ ಮೊಸಾಯಿಕ್ ಇದೆ. ಒಂದು ಕಲರ್ ಪ್ರಿಂಟ್ ಸಾಕು.

ದುಡ್ಡು. ಮನೆಕೂಟ ಸಾಯುವುದು ಹೆಚ್ಚಾಗಿ ತಿಂಡಿಯಿಂದ. ಒಬ್ಬರ ಮನೆಯಲ್ಲಿ ಪೂರಿ ಸಾಗು ಆದರೆ ಮುಂದಿನವರು ಬಿರಿಯಾನಿ ಮಾಡುತ್ತಾರೆ, ಮೂರನೆಯವರು ನಮ್ಮಲ್ಲಿ ಬೇಡ ಅನ್ನುತ್ತಾರೆ. ಟೀ, ಬಿಸ್ಕತ್ತು, ಇಷ್ಟೇ ಎಂದು ಮೊದಲ ದಿನವೇ ಹೇಳಿಬಿಡಿ. ಹದಿನೈದು ಜನಕ್ಕೆ ಇನ್ನೂರರಿಂದ ಮುನ್ನೂರು ರೂಪಾಯಿ. ಮೈಕು, ಕೀಬೋರ್ಡು ಬಾಡಿಗೆ ಸುಮಾರು ಸಾವಿರದೈನೂರು ಆಗುತ್ತಿತ್ತು, ಅದನ್ನು ಪೂರ್ತಿ ಕೈಬಿಟ್ಟೆವು. ಕೋಳಿ ಕೊಂಡುಕೊಳ್ಳಬೇಡಿ, ಸಾಕುವವರ ಮನೆಯಿಂದ ಒಂದು ಸಂಜೆಗೆ ತಂದು ಇನ್ನೂರು ಕೊಟ್ಟರೆ ಸಂತೋಷವಾಗಿ ಕೊಡುತ್ತಾರೆ. ಬರೆಯುವ ಚೀಟಿ, ಪೆನ್ಸಿಲ್ ಸೇರಿ ಐದೂ ಸಂಜೆಗೆ ಎರಡು ಸಾವಿರದೊಳಗೆ ಮುಗಿಯುತ್ತದೆ.

ತೀರ್ಮಾನ ಮಾಡಿದವರು ಕೈಯೆತ್ತಿ ಎಂದು ಕೊನೆಯಲ್ಲಿ ಕೈಯೆತ್ತಿಸುವುದನ್ನು ಬಿಟ್ಟಿದ್ದೇ ದೊಡ್ಡ ಲಾಭ. ಅಯ್ಯನವರ ಮುಖ ನೋಡಿ ಕೈ ಎದ್ದುಬಿಡುತ್ತದೆ, ಮನಸ್ಸು ಏಳಬೇಕಲ್ಲ. ಅದರ ಬದಲು ಎ4 ಹಾಳೆಯ ಕಾಲುಭಾಗದ ಚೀಟಿ, ಮೇಲೆ "ನನಗೆ ಮನಸ್ಸಿಲ್ಲದ ಜಾಗ" ಎಂಬ ಒಂದೇ ಸಾಲು. ಮೂರನೇ ಸಂಜೆ ಕೊಡಿ. ನಾಲ್ಕು ನಿಮಿಷ ಪೂರ್ತಿ ಮೌನ, ಹಿನ್ನೆಲೆಯಲ್ಲಿ ಹಾಡು ಬೇಡ. ಎರಡು ನಿಮಿಷಕ್ಕೆ ಯಾರೋ ಕೆಮ್ಮುತ್ತಾರೆ, ನಡೆಸುವವರು ಹೆದರಿ ಪ್ರಾರ್ಥನೆ ಶುರು ಮಾಡಿಬಿಡುತ್ತಾರೆ. ಬರೆಯುವವರು ಬರೆಯುವುದು ಕೊನೆಯ ಎರಡು ನಿಮಿಷದಲ್ಲೇ. ಚೀಟಿ ವಸೂಲಿ ಮಾಡಬೇಡಿ, ಓದಿಸಬೇಡಿ, ಮನೆಗೆ ಒಯ್ಯಲಿ.

ಐದನೇ ಸಂಜೆ ಯೋಹಾನ 5:1–9. 38 ವರ್ಷದಿಂದ ಕಾಯಿಲೆಯಲ್ಲಿದ್ದು, ಇಳಿದರೆ ಗುಣವಾಗುತ್ತದೆ ಎಂದು ನಂಬಿ ಕೊಳದ ಬಳಿ ಮಲಗಿದ್ದವನಿಗೆ ಯೇಸು ಕೇಳುವುದು ಸ್ವಸ್ಥವಾಗಲು ಮನಸ್ಸುಂಟೋ ಎಂದು. ಅವನು ಹೌದು ಅನ್ನುವುದಿಲ್ಲ, ಕೊಳಕ್ಕೆ ಇಳಿಸುವವರಿಲ್ಲ ಎಂದು ಕಷ್ಟ ತೋಡಿಕೊಳ್ಳುತ್ತಾನೆ. ಆದರೂ ಎದ್ದು ನಡೆ ಎಂಬ ಮಾತು ಅವನಿಗೆ ಸಿಕ್ಕಿತು. ಮನಸ್ಸು ಮಾಡುವುದು ದೇವರಿಗೆ ಕಟ್ಟುವ ಫೀಸಲ್ಲ ಎಂದು ಇಲ್ಲಿ ಬಿಡಿಸಿ ಹೇಳಲೇಬೇಕು. ಇಲ್ಲದಿದ್ದರೆ ನಾಲ್ಕು ವಾರ ತಮ್ಮ ಮನಸ್ಸನ್ನೇ ಅಳೆದುಕೊಂಡು ಬಂದವರು ಭಾರ ಹೊತ್ತು ಮನೆಗೆ ಹೋಗುತ್ತಾರೆ. ಚೀಟಿಗಳನ್ನು ಆ ದಿನ ತರಲು ಹೇಳಿ. ಅವನ್ನು ಏನು ಮಾಡುತ್ತೇವೆ ಎಂಬುದನ್ನು ಬರೆಯುವುದಿಲ್ಲ, ಮೊದಲೇ ಗೊತ್ತಿದ್ದರೆ ಅದು ನಡೆಯುವುದಿಲ್ಲ. ಈ ಕ್ರಮ ಹಿಡಿಯುವ ಸಭೆಯವರು ಬಂದರೆ ಎದುರಿಗೇ ಹೇಳುತ್ತೇನೆ. ಹದಿನೈದರಲ್ಲಿ ಹತ್ತು ಹನ್ನೆರಡು ಮಂದಿ ಕೊನೆಯವರೆಗೂ ಉಳಿಯುತ್ತಾರೆ, ಇಬ್ಬರು ಮೂವರು ತಮ್ಮದೇ ಮಾತಿನಲ್ಲಿ ಪ್ರಾರ್ಥನೆ ಮಾಡುತ್ತಾರೆ. ಅವರನ್ನು ಮುಂದಿನ ಭಾನುವಾರ ಸಾಕ್ಷಿ ಹೇಳಲು ನಿಲ್ಲಿಸಬೇಡಿ. ಈಸ್ಟರ್ ಕಳೆದ ಮೇಲೆ ಮನೆಗೆ ಹೋಗಿ ಮಾತಾಡಿಸಿ.