ವಿ.ವಿ. ಬೆಳೆಸುವುದು ಹೇಗೆ? ಮೊದಲು ಸಂಬಳದ ಲೆಕ್ಕ ಹಾಕಿ

ವಿ.ವಿ.ಯ ಆಡಳಿತ ಮಂಡಳಿಯಾದ ಸಿಂಡಿಕೇಟ್‌ಗೆ ಹೊಸದಾಗಿ ಬಂದ ಸದಸ್ಯರು ಮೊದಲು ಕೇಳುವ ಪ್ರಶ್ನೆ, ‘ಕಟ್ಟಡಕ್ಕೆ ಎಷ್ಟು ಕೋಟಿ ಸಿಗುತ್ತೆ?’. ಇದೇ ತಪ್ಪು. ಕಟ್ಟಡಕ್ಕೆ ದುಡ್ಡು ಎಲ್ಲಿಂದಾದರೂ ಬರುತ್ತದೆ. ಅದರೊಳಗೆ ಪಾಠ ಮಾಡುವವರ ಸಂಬಳಕ್ಕೆ ಬರುವುದಿಲ್ಲ. ನಾನು ಹಣಕಾಸು ಶಾಖೆಯಲ್ಲಿ ಕೆಲಸ ಮಾಡಿದ ಒಂದು ಕಡೆ ಮೂರು ಮಹಡಿಯ ಹೊಸ ವಿಭಾಗ ಉದ್ಘಾಟನೆ ಆಯಿತು. ಎರಡು ವರ್ಷ ಕಳೆದರೂ ಕಾಯಂ ಮೇಷ್ಟ್ರು ಒಬ್ಬರೂ ಬರಲಿಲ್ಲ. ಕೊನೆಗೆ ಆ ಕೋಣೆಗಳಲ್ಲಿ ಹಳೆಯ ಉತ್ತರಪತ್ರಿಕೆಗಳ ಕಟ್ಟು ಪೇರಿಸಿಟ್ಟರು.

ಹಾಗಾಗಿ ಕೆಲಸದ ಕ್ರಮ ಹೀಗಿರಲಿ.

ಒಂದು. ಈಗ ಏನಿದೆ ಎಂದು ಪಟ್ಟಿ ಮಾಡಿ. ಖಾಲಿ ಹುದ್ದೆ, ಸೋರುವ ಚಾವಣಿ, ಕೆಟ್ಟು ನಿಂತ ಲ್ಯಾಬ್, ಎಲ್ಲ ಬರಲಿ. ಜಮೀನಿನ ವಿಷಯದಲ್ಲಿ ಬಾಯಿಮಾತು ನಂಬಬೇಡಿ. ಪಹಣಿ ತೆಗೆಸಿ, ಸರ್ವೆ ಮಾಡಿಸಿ, ಬೇಲಿ ಹಾಕಿಸಿ.

ಎರಡು. ಬೆಳೆಸಬೇಕಾದ ಎರಡೋ ಮೂರೋ ವಿಭಾಗ ಆರಿಸಿ. ಹತ್ತು ಬೇಡ. ಪಕ್ಕದ ವಿ.ವಿ.ಯಲ್ಲಿ ಡೇಟಾ ಸೈನ್ಸ್ ಇದೆ ಅಂತ ನೀವೂ ಸುಮ್ನೆ ಬೋರ್ಡ್ ಹಾಕಬೇಡಿ.

ಮೂರು. ಎಲ್ಲರೂ ಎಡವುವುದು ಇಲ್ಲಿ. ಕಟ್ಟಡದ ನಕ್ಷೆ ಬಿಡಿಸುವ ಮುಂಚೆ, ಆ ವಿಭಾಗ ನಡೆಸಲು ವರ್ಷಕ್ಕೆ ಎಷ್ಟು ಬೇಕು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಒಂದು ಸ್ನಾತಕೋತ್ತರ ವಿಭಾಗ ಎಂದಿಟ್ಟುಕೊಳ್ಳಿ. ಸಾಮಾನ್ಯವಾಗಿ ಒಬ್ಬ ಪ್ರಾಧ್ಯಾಪಕರು, ಇಬ್ಬರು ಸಹ ಪ್ರಾಧ್ಯಾಪಕರು, ನಾಲ್ವರು ಸಹಾಯಕ ಪ್ರಾಧ್ಯಾಪಕರು ಎಂದು ಲೆಕ್ಕ. ಯುಜಿಸಿಯ ಏಳನೇ ವೇತನ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನ 57,700 ರೂಪಾಯಿ. ಸಹ ಪ್ರಾಧ್ಯಾಪಕರದು 1,31,400. ಪ್ರಾಧ್ಯಾಪಕರದು 1,44,200. ಏಳೂ ಜನರದು ಕೂಡಿದರೆ ತಿಂಗಳಿಗೆ 6,37,800. ವರ್ಷಕ್ಕೆ ಎಪ್ಪತ್ತಾರೂವರೆ ಲಕ್ಷ. ಇದು ಬರೀ ಮೂಲ ವೇತನ! ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರಿದರೆ ಕೋಟಿ ದಾಟುತ್ತದೆ. ಮೇಲೆ ವರ್ಷಕ್ಕೆ ಶೇ 3ರ ಇನ್‌ಕ್ರಿಮೆಂಟ್.

ಈಗ ಪಕ್ಕದಲ್ಲೇ ಆದಾಯ ಬರೆಯಿರಿ. ಎರಡು ವರ್ಷದ ಕೋರ್ಸಿಗೆ ಒಟ್ಟು 80 ವಿದ್ಯಾರ್ಥಿಗಳು, ವರ್ಷಕ್ಕೆ ತಲೆಗೆ 15 ಸಾವಿರ ಶುಲ್ಕ ಎಂದುಕೊಂಡರೆ ವರ್ಷಕ್ಕೆ 12 ಲಕ್ಷ. ಅದರಲ್ಲೂ ಶುಲ್ಕ ವಿನಾಯಿತಿ ಇರುವ ಮಕ್ಕಳ ಪಾಲು ಸರ್ಕಾರದಿಂದ ಬರುವಷ್ಟರಲ್ಲಿ ಆ ಮಕ್ಕಳು ಪಾಸಾಗಿ ಹೋಗಿರುತ್ತಾರೆ. ಉಳಿದ ದುಡ್ಡು ಯಾರು ಕೊಡುತ್ತಾರೆ? ಹುದ್ದೆ ಮಂಜೂರಾತಿಗೆ ಆರ್ಥಿಕ ಇಲಾಖೆಯ ಸಹಮತಿ ಬರೆವಣಿಗೆಯಲ್ಲಿ ಬರುವ ತನಕ ಅಡಿಗಲ್ಲು ಬೇಡ. ಸಚಿವರು ವೇದಿಕೆ ಮೇಲೆ ಹೇಳಿದ್ದು ಸಹಮತಿ ಅಲ್ಲ. ‘ಸದ್ಯಕ್ಕೆ ಅತಿಥಿ ಉಪನ್ಯಾಸಕರಿಂದ ನಡೆಸೋಣ’ ಎನ್ನುವವರು ಇದ್ದೇ ಇರುತ್ತಾರೆ. ಆ ‘ಸದ್ಯಕ್ಕೆ’ ಹದಿನೈದು ವರ್ಷ ನಡೆದದ್ದನ್ನು ನೋಡಿದ್ದೇನೆ.

ಅದೇ ಹಾಳೆಯಲ್ಲಿ ಕರೆಂಟ್ ಬಿಲ್, ಸ್ವಚ್ಛತೆ, ಕಾವಲು, ಲಿಫ್ಟಿನ ವಾರ್ಷಿಕ ನಿರ್ವಹಣೆಯೂ ಇರಲಿ. ಕಟ್ಟಡಕ್ಕೆ ಹಾಕಿದ ದುಡ್ಡಿನ ಶೇ 2ನ್ನು ವರ್ಷವರ್ಷ ರಿಪೇರಿಗೆ ತೆಗೆದಿಡಬೇಕು ಎನ್ನುವುದು ನನ್ನ ಹಟ. ಯಾರೂ ಒಪ್ಪುವುದಿಲ್ಲ. ನೀವು ಒಪ್ಪಿಸಿ.

ಪಿಂಚಣಿ ಮರೆಯಬೇಡಿ. ಮೈಸೂರು ವಿ.ವಿ.ಯನ್ನೇ ನೋಡಿ. 1916ರಲ್ಲಿ ಶುರುವಾದದ್ದು. ಮಂಡ್ಯ, ಹಾಸನ, ಚಾಮರಾಜನಗರಕ್ಕೆ ಬೇರೆ ಬೇರೆ ವಿ.ವಿ. ಆದ ಮೇಲೆ ಆ ಜಿಲ್ಲೆಗಳ ಕಾಲೇಜುಗಳು ಕೈಬಿಟ್ಟವು. ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕವೂ ಅವುಗಳ ಜೊತೆ ಹೋಯಿತು. ನಿವೃತ್ತರ ಪಿಂಚಣಿ ಮಾತ್ರ ತಾಯಿಮನೆಯಲ್ಲೇ ಉಳಿಯಿತು. ಹಾಗಂತ ಹೊಸಬರು ಸುಖವಾಗಿದ್ದಾರಾ? 2022–23ರ ಬಜೆಟ್‌ನಲ್ಲಿ ಏಳು ಹೊಸ ವಿ.ವಿ. ಘೋಷಣೆಯಾದವು. ತಲಾ ಎರಡು ಕೋಟಿ ಕೊಟ್ಟರು. ಮೇಲಿನ ಲೆಕ್ಕದಲ್ಲಿ ಅದು ಎರಡು ವಿಭಾಗಕ್ಕೂ ಸಾಲದು. 2025ರಲ್ಲಿ ಸಂಪುಟ ಉಪಸಮಿತಿ, ಬೀದರ್ ಬಿಟ್ಟು ಉಳಿದ ಹೊಸ ವಿ.ವಿ.ಗಳನ್ನು ಮುಚ್ಚುವ ಮಾತಾಡಿದ್ದು ಯಾಕೆ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ನಾಲ್ಕು. ಈಗ ಕಟ್ಟಡದ ದುಡ್ಡು ಹುಡುಕಿ. ರಾಜ್ಯದ ವಿ.ವಿ., ಕಾಲೇಜುಗಳಿಗೆ ಕೇಂದ್ರ ನೆರವು ಕೊಡುವ, 2013ರಲ್ಲಿ ಬಂದ ರೂಸಾ ಯೋಜನೆ 2023ರಲ್ಲಿ ಪಿಎಂ-ಉಷಾ ಆಯಿತು. ಕೇಂದ್ರದ ಪಾಲು 60, ರಾಜ್ಯದ್ದು 40. ಅದರಲ್ಲಿ ಬಹುವಿಷಯ ಶಿಕ್ಷಣ, ಸಂಶೋಧನೆ ನಡೆಸುವ ವಿ.ವಿ.ಗಳಿಗೆಂದು ಇಟ್ಟ ‘ಮೇರು’ ಘಟಕಕ್ಕೆ ಆಯ್ಕೆಯಾದರೆ ಒಂದು ವಿ.ವಿ.ಗೆ ನೂರು ಕೋಟಿ. ದೇಶಕ್ಕೆಲ್ಲ 35 ವಿ.ವಿ.ಗಳಿಗಷ್ಟೇ. ಆದ್ದರಿಂದ ನೂರು ಕೋಟಿಯ ಕನಸು ಕಾಣುತ್ತ, ಹತ್ತು ಕೋಟಿಯಲ್ಲೂ ಮುಗಿಯುವ ಹಂತವೊಂದನ್ನು ಬರೆದಿಟ್ಟುಕೊಳ್ಳಿ. ಅಂದಾಜುಪಟ್ಟಿಯಲ್ಲಿ ಶೇ 18ರ ಜಿಎಸ್‌ಟಿ ಇದೆಯಾ ಅಂತ ಎರಡು ಸಲ ನೋಡಿ. ಪಿಂಚಣಿ ನಿಧಿಯ ಠೇವಣಿ ಮುರಿದು ಮಾತ್ರ ಕಟ್ಟಿಸಬೇಡಿ. ‘ಅನುದಾನ ಬಂದ ಮೇಲೆ ತುಂಬಿಸೋಣ’ ಎಂದವರು ತುಂಬಿಸಿದ್ದನ್ನು ನಾನು ಕಂಡಿಲ್ಲ.

ಡಿಪಿಆರ್ (ವಿವರವಾದ ಯೋಜನಾ ವರದಿ) ಬರೆಯಲು ಕನ್ಸಲ್ಟೆನ್ಸಿಗೆ ಕೊಡುವ ಅಭ್ಯಾಸ ಜಾಸ್ತಿಯಾಗಿದೆ. ನನಗೆ ಆಗದು. ಒಮ್ಮೆ ನನ್ನ ಮೇಜಿಗೆ ಬಂದ ಡಿಪಿಆರ್‌ನ 34ನೇ ಪುಟದಲ್ಲಿ ಬೇರೆ ರಾಜ್ಯದ ವಿ.ವಿ.ಯ ಹೆಸರಿತ್ತು. ಅದರ ಪ್ರಕಾರ ನಮ್ಮೂರಲ್ಲಿ ಸಮುದ್ರವೂ ಇತ್ತು! ನಿಮ್ಮ ವಿಭಾಗದವರೇ ಬರೆಯಲಿ, ಭಾಷೆ ಒರಟಾದರೂ ಪರವಾಗಿಲ್ಲ.

ಐದು. ಟೆಂಡರ್. ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗೆಂದು ಬಂದ 1999ರ ಕೆಟಿಪಿಪಿ ಕಾಯ್ದೆಯಂತೆ ನಡೆಯಿರಿ. ‘4(ಜಿ) ವಿನಾಯಿತಿ ತಗೊಂಡ್ರೆ ಬೇಗ ಆಗುತ್ತೆ ಸರ್’ ಎಂದು ಟೆಂಡರ್ ತಪ್ಪಿಸುವ ದಾರಿ ತೋರಿಸುವವರ ಮಾತಿಗೆ ತಲೆಯಾಡಿಸಬೇಡಿ. ಆಡಿಟ್ ಆಕ್ಷೇಪಣೆಗೆ ಉತ್ತರ ಬರೆಯುವ ಹೊತ್ತಿಗೆ ಹಾಗೆ ಹೇಳಿದವರು ನಿವೃತ್ತರಾಗಿರುತ್ತಾರೆ. ವರ್ಷದ ಕೊನೆಗೆ ಉಳಿದ ದುಡ್ಡಲ್ಲಿ ಸ್ಮಾರ್ಟ್ ಬೋರ್ಡ್ ಕೊಳ್ಳುವುದನ್ನೂ ನಿಲ್ಲಿಸಿ. ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಎಷ್ಟು ಬೋರ್ಡ್ ನಿಮ್ಮಲ್ಲಿವೆ, ಎಣಿಸಿ ನೋಡಿ. ಆ ದುಡ್ಡಿಗೆ ಶೌಚಾಲಯಕ್ಕೆ ನೀರು ಬರುವಂತೆ ಮಾಡಿ.

ಆರು. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಕೊಡದೆ ಮುಂದಿನ ಕಂತು ಬರುವುದಿಲ್ಲ. ಅದಕ್ಕೆಂದೇ ಒಬ್ಬ ಗುಮಾಸ್ತರನ್ನು ಗೊತ್ತುಮಾಡಿ. ಕೆಲಸ ಮುಗಿಯುವ ತನಕ ಅವರನ್ನು ಪರೀಕ್ಷಾ ವಿಭಾಗಕ್ಕೆ ವರ್ಗ ಮಾಡಬೇಡಿ.